ಮಡ್‌ಗಾರ್ಡ್ ಮೇಲೊಂದು ಮರದ ಸೀಟು

ಹೋದ ಭಾನುವಾರ ನಮ್ಮ ಭಾವ ಟ್ರ್ಯಾಕ್ಟರ್ ಮೇಲೆ ಕೂತು ಅತ್ತರು.

ಅಳುವ ಪೈಕಿ ಅಲ್ಲ ಅವರು. ಅವರಪ್ಪ ತೀರಿಕೊಂಡಾಗಲೂ ಶಾಮಿಯಾನದವನ ಜೊತೆ ಜಗಳ ಆಡುತ್ತಾ ನಿಂತಿದ್ದವರು. ಅವರ ಕಣ್ಣಲ್ಲಿ ನಾನು ನೀರು ನೋಡಿದ್ದು ಇದೇ ಮೊದಲು. ಅದಕ್ಕೆ ಕಾರಣ ಒಂದು ಮರದ ಸೀಟು ಅಂದರೆ ನಂಬುತ್ತೀರಾ?

ಮೊದಲಿಂದ ಹೇಳುತ್ತೇನೆ.

ನನ್ನ ಅಕ್ಕ ನಾಗರತ್ನಳನ್ನು ಕೊಟ್ಟಿರುವುದು ಐ.ಡಿ.ಹಳ್ಳಿ ಹತ್ತಿರದ ಒಂದು ಊರಿಗೆ. ನಾನಿರುವ ಮಧುಗಿರಿಯಿಂದ ಬೆಳಿಗ್ಗೆ ಬಸ್ ಹತ್ತಿದರೆ ಸಂಜೆಗೆ ವಾಪಸ್ ಬರಬಹುದು. ಭಾವನ ಹೆಸರು ಶಿವಣ್ಣ. ಆ ಊರಿಗೆ ಮೊದಲು ಟ್ರ್ಯಾಕ್ಟರ್ ತಂದವರು ಅವರೇ. ಅದನ್ನು ಅವರು ಸಿಂಗರಿಸಿದ್ದು ನೀವು ನೋಡಬೇಕಿತ್ತು. ಬಿಸಿಲಿಗೆ ಮೇಲೊಂದು ಟಾಪ್, ಮುಂದೆ ಹೊಳೆಯುವ ಬಂಪರ್, ಹಾಡು ಕೇಳಲು ಸ್ಪೀಕರ್, ತಾವು ಕೂರುವ ಸೀಟಿಗೆ ಮೆತ್ತನೆಯ ಕುಶನ್. (ಕನ್ನಡಿಗೆ ಬಣ್ಣದ ಕುಚ್ಚು ಬೇರೆ!)

ಅಕ್ಕ ಕೂರುತ್ತಿದ್ದದ್ದು ಮಡ್‌ಗಾರ್ಡ್ ಮೇಲೆ.

ದೊಡ್ಡ ಚಕ್ರದ ಮೇಲಿನ ಬಾಗಿದ ತಗಡು ಅದು. ಕೂತರೆ ಜಾರುತ್ತದೆ, ಬಿಸಿಲಿಗೆ ಕಾದರೆ ಸುಡುತ್ತದೆ. ಒಂದು ಕೈಯಲ್ಲಿ ಟಾಪಿನ ಕಂಬಿ, ಇನ್ನೊಂದು ಕೈಯಲ್ಲಿ ಊಟದ ಡಬ್ಬಿ. ಹೊಲಕ್ಕೆ, ಸಂತೆಗೆ, ಆಸ್ಪತ್ರೆಗೆ ಎಲ್ಲ ಕಡೆಗೂ ಹಾಗೇ. ರೇಷ್ಮೆ ಸೀರೆ ಉಟ್ಟುಕೊಂಡು ತೋವಿನಕೆರೆಯ ಮದುವೆಗೂ ಅದರ ಮೇಲೇ ಕೂತು ಹೋಗಿ ಬಂದಿದ್ದಳು. ಟ್ರ್ಯಾಕ್ಟರ್ ಮಾಡಿರುವುದೇ ಒಬ್ಬರಿಗೆ, ಒಪ್ಪುತ್ತೇನೆ. ಆದರೆ ನಮ್ಮ ಕಡೆ ಒಬ್ಬರೇ ಕೂತಿರುವ ಟ್ರ್ಯಾಕ್ಟರನ್ನು ನೀವು ಎಷ್ಟು ಸಲ ನೋಡಿದ್ದೀರಿ?

ಒಂದು ಸಲ ಬಿದ್ದಳು. ಕಡ್ಲೆಕಾಯಿ ಕೀಳುವ ಕಾಲ. ಹೊಲದ ಬದು ದಾಟುವಾಗ ಚಕ್ರ ಎಗರಿತು. ಅಕ್ಕ ಹಿಂದಕ್ಕೆ ಉರುಳಿದಳು. ಹಿಂದೆ ಕಟ್ಟಿದ್ದ ಟ್ರೇಲರಿನ ಚಕ್ರ ಅವಳ ತಲೆಯ ಪಕ್ಕದಲ್ಲೇ ಹಾದು ಹೋಯಿತು. ಜೀವ ಉಳಿಯಿತು, ಮಣಿಕಟ್ಟು ಮುರಿಯಿತು. ಮುರಿದದ್ದು ಸೊಟ್ಟಗೆ ಕೂಡಿಕೊಂಡಿತು. ಇವತ್ತಿಗೂ ಮುದ್ದೆ ತಿರುವುವಾಗ ನಡುವೆ ನಿಲ್ಲಿಸಿ ಕೈ ಕೊಡವಿಕೊಳ್ಳುತ್ತಾಳೆ.

ಅವತ್ತು ಆಸ್ಪತ್ರೆಯಲ್ಲಿ ಭಾವ ಎಲ್ಲರ ಮುಂದೆ ಸಿಡುಕಿದರು. "ಸರ್ಯಾಗಿ ಇಡ್ಕಂಡು ಕುಂತ್ಕಳಕ್ಕೆ ಏನಾಗಿತ್ತು ಇವ್ಳಿಗೆ? ಡಬ್ಬಿ ಬಿದ್ರೆ ಬೀಳ್ಲಿ ಬುಡು ಅನ್ಬಾರ್ದಾ?"

ಅಕ್ಕ ನರ್ಸಿಗೆ ಹೇಳಿದಳು, "ನಂದೇ ತಪ್ಪು ಕಣಮ್ಮ."

ಕೈಯ ಪಟ್ಟಿ ಬಿಚ್ಚಿದ ಮೇಲೆ ಮತ್ತೆ ಅದೇ ಮಡ್‌ಗಾರ್ಡ್. ನಮ್ಮ ಮನೆಯವರಲ್ಲೂ ಯಾರಿಗೂ ಅದು ವಿಚಿತ್ರ ಅನಿಸಲಿಲ್ಲ. ಎಲ್ಲರ ಮನೆ ಹೆಂಗಸರೂ ಹಾಗೇ ತಾನೆ ಕೂರುವುದು?

ಹೋದ ವರ್ಷ ಭಾವನಿಗೆ ಸ್ಟ್ರೋಕ್ ಆಯಿತು. ಮಾತು ಉಳಿಯಿತು, ನೆನಪು ಉಳಿಯಿತು, ಎಡಗಾಲು ಸೋತಿತು. ಕ್ಲಚ್ ಒತ್ತುವುದು ಎಡಗಾಲಲ್ಲೇ. ಅಲ್ಲಿಗೆ ಅವರ ಟ್ರ್ಯಾಕ್ಟರ್ ಸವಾರಿ ಮುಗಿಯಿತು.

ಬಿತ್ತನೆ ಹೊತ್ತಿಗೆ ಬಾಡಿಗೆ ಡ್ರೈವರ್ ಸಿಗುವುದು ಎಷ್ಟು ಕಷ್ಟ ಅಂತ ಹಳ್ಳಿಯವರಿಗೆ ನಾನು ಹೇಳಬೇಕಿಲ್ಲ. ಫೋನ್ ಮಾಡಿದರೆ "ಬಂದೆ ಕಣಣ್ಣ" ಅನ್ನುತ್ತಾರೆ. ನೆಲದ ಹಸಿ ಆರಿದ ಮೇಲೆ ಬರುತ್ತಾರೆ. ಎರಡು ಸಲ ಕಾದು ಬೇಸತ್ತು, ಅಕ್ಕನೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೀರಿಂಗ್ ಹಿಡಿದಳು. ಇಷ್ಟು ವರ್ಷ ಪಕ್ಕದಲ್ಲಿ ಕೂತು ನೋಡಿದ್ದೇ ಅವಳಿಗೆ ಡ್ರೈವಿಂಗ್ ಸ್ಕೂಲು. ಭಾವ ಹೊಲದಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂಗುತ್ತಿದ್ದರು, "ಗೇರ್ ಇಳ್ಸೇ! ಕ್ಲಚ್ ಬುಡೇ!" ಇಂಜಿನ್ ಸದ್ದಿನಲ್ಲಿ ಅವಳಿಗೆ ಒಂದೂ ಕೇಳುತ್ತಿರಲಿಲ್ಲ. (ಕೇಳದೇ ಇದ್ದುದರಿಂದಲೇ ಬೇಗ ಕಲಿತಳು ಅಂತ ನನ್ನ ಗುಮಾನಿ.)

ದೂರದ ಕುರ್ಚಿ ಭಾವನಿಗೆ ಸಾಕಾಗಲಿಲ್ಲ. "ನಾನೂ ಬತ್ತೀನಿ, ಪಕ್ಕದಾಗೆ ಕುಂತ್ರೆ ಸರ್ಯಾಗಿ ಹೇಳ್ಕೊಡ್ತೀನಿ" ಅಂದರು. ಎಲ್ಲಿ ಕೂರುವುದು? ಇರುವುದು ಮಡ್‌ಗಾರ್ಡ್. ಕಷ್ಟಪಟ್ಟು ಹತ್ತಿಸಿದರು. ಟ್ರ್ಯಾಕ್ಟರ್ ಸ್ಟಾರ್ಟ್ ಆಗುವ ಮೊದಲೇ ಭಾವ ಜಾರಿದರು. ಅಕ್ಕ ರಟ್ಟೆ ಹಿಡಿದುಕೊಂಡಳು.

"ಇದ್ರ ಮ್ಯಾಲೆ ಮನುಷ್ಯ ಕುಂತ್ಕಳಕ್ಕಾಯ್ತದಾ?" ಅಂತ ಕೂಗಿದರಂತೆ.

ಮಾರನೇ ದಿನ ಮರಗೆಲಸದ ಆಚಾರ್ರಿಗೆ ಬುಲಾವ್ ಹೋಯಿತು. "ಬಂಡಿ ಮಾಡಿದೀನಿ, ತೊಟ್ಲು ಮಾಡಿದೀನಿ, ಟ್ರ್ಯಾಕ್ಟರಿಗೆ ಸೀಟು ಮಾಡ್ತಿರೋದು ಇದೇ ಮೊದ್ಲು" ಅಂತ ಆಚಾರ್ರು ನಕ್ಕರು. ಆದರೂ ಮುತುವರ್ಜಿಯಿಂದ ಮಾಡಿದರು. ಬೇವಿನ ಹಲಗೆ, ಬೆನ್ನಿಗೆ ಒರಗು, ಎರಡೂ ಬದಿಗೆ ಕೈಹಿಡಿ. ಹತ್ತುವ ದಾರಿಗೆ ಅಡ್ಡ ಬರಬಾರದು ಅಂತ ಕೆಳಗೆ ಕೀಲು ಕೂರಿಸಿ ಮಡಚುವ ಹಾಗೆ ಮಾಡಿದರು. ಅಕ್ಕ ಹತ್ತುವಾಗ ಸೀಟು ಮೇಲಕ್ಕೆ, ಅವಳು ಕೂತ ಮೇಲೆ ಕೆಳಕ್ಕೆ. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪಟ್ಟಿ ಮಾಡಿಸಿ ಮಡ್‌ಗಾರ್ಡಿಗೆ ಬೋಲ್ಟ್ ಬಿಗಿದರು. ಸಿರಾದ ಗುಜರಿ ಅಂಗಡಿಯಿಂದ ಹಳೇ ಕಾರಿನ ಸೀಟ್ ಬೆಲ್ಟ್ ತರಿಸಿದರು.

ಎಲ್ಲ ಸೇರಿ ಒಂದು ವಾರವೂ ಹಿಡಿಯಲಿಲ್ಲ.

ಭಾನುವಾರ ನಾನು ಹೋದಾಗ ಟ್ರಯಲ್ಲು. ಸ್ಟೂಲ್ ಇಟ್ಟು, ನಾನು ಕೆಳಗಿಂದ ತಳ್ಳಿ, ಅಕ್ಕ ಮೇಲಿಂದ ಎಳೆದು, ಭಾವನನ್ನು ಹತ್ತಿಸಿದೆವು. ಮಡಚಿದ್ದ ಸೀಟು ಬಿಚ್ಚಿ ಕೂರಿಸಿದೆವು. ಅಕ್ಕ ಬೆಲ್ಟ್ ಹಾಕಿ, ಎಳೆದು ನೋಡಿದಳು. ಭಾವನ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ನಗು. ಟ್ರ್ಯಾಕ್ಟರ್ ಹೊರಟಿತು. ನಾನು ಹಿಂದೆ ನಡೆದೆ.

ಹೊಲದ ಬದು ಬಂತು. ಅಕ್ಕ ನಿಧಾನಕ್ಕೇ ಹತ್ತಿಸಿದಳು, ಆದರೂ ಚಕ್ರ ಎಗರಿತು. ಭಾವ ಕೈಹಿಡಿಯನ್ನು ಗಟ್ಟಿಯಾಗಿ ಹಿಡಿದು ಕಿರುಚಿದರು, "ಮೆಲ್ಲುಕೆ ಕಣೇ! ಬಿದ್ದೋಯ್ತೀನಿ!"

ಅಕ್ಕ ಇಂಜಿನ್ ಆಫ್ ಮಾಡಿದಳು. ಸೀಟು ಮುರಿಯಿತೇನೋ ಅಂತ ನಾನು ಓಡಿದೆ.

"ನೀವು ಬೀಳಲ್ಲ ಬುಡಿ. ಬೆಲ್ಟ್ ಐತೆ" ಅಂದಳು ಅಕ್ಕ.

ಚುಚ್ಚುವುದಕ್ಕೆ ಹೇಳಿದ ಮಾತಲ್ಲ. ಹೆದರಿದ ಮಗುವಿಗೆ ಹೇಳುವ ದನಿಯಲ್ಲಿ ಹೇಳಿದಳು. ಬಹುಶಃ ಅದಕ್ಕೇ ಅಷ್ಟು ಆಳಕ್ಕೆ ಇಳಿಯಿತು. ಭಾವ ಸ್ಟೀರಿಂಗ್ ಮೇಲಿದ್ದ ಅವಳ ಸೊಟ್ಟ ಮಣಿಕಟ್ಟನ್ನೇ ನೋಡಿದರು. ನೋಡುತ್ತಲೇ ಇದ್ದರು.

"ನಾಗೂ, ಇದನ್ನ ಆವಾಗ್ಲೇ ಮಾಡಿಸ್ಬೋದಿತ್ತಲ್ಲೇ."

"ಇರ್ಲಿ ಬುಡಿ" ಅನ್ನುತ್ತಾಳೆ ಅಂದುಕೊಂಡಿದ್ದೆ. ಇಷ್ಟು ವರ್ಷ ಎಲ್ಲದಕ್ಕೂ ಅದನ್ನೇ ಅಂದವಳು. ಅವತ್ತು ಅನ್ನಲಿಲ್ಲ.

"ಮಾಡಿಸ್ಬೋದಿತ್ತು" ಅಂದಳು. ಅಷ್ಟೇ.

ಭಾವ ಅತ್ತರು. ಟವೆಲಿನಲ್ಲಿ ಮುಖ ಮುಚ್ಚಿಕೊಂಡು, ಹೆಗಲು ಕುಲುಕಿಸಿ ಅತ್ತರು. ಅಕ್ಕ ಇಂಜಿನ್ ಸ್ಟಾರ್ಟ್ ಮಾಡಿದಳು.

ಭಾವ ಕೆಟ್ಟವರಲ್ಲ. ಅಕ್ಕ ಬಿದ್ದ ದಿನ ಅನ್ನ ಮುಟ್ಟಿರಲಿಲ್ಲ. ಒಂದು ಹಲಗೆ, ನಾಲ್ಕು ಬೋಲ್ಟು ಅವರಿಗೆ ಹೊಳೆಯಲಿಲ್ಲ, ಅಷ್ಟೇ. ತಾವು ಜಾರಿದ ದಿನ ಹೊಳೆಯಿತು. ನಮ್ಮ ಮನೆಯ ಕಥೆ ಬೇರೆಯೇ? ನಮ್ಮತ್ತೆ ಮಂಡಿ ನೋವಿನಲ್ಲಿ ಬಚ್ಚಲ ಗೋಡೆ ಹಿಡಿದು ಏಳುತ್ತಿದ್ದದ್ದನ್ನು ವರ್ಷಗಟ್ಟಲೆ ನೋಡಿದೆವು. ವೆಸ್ಟರ್ನ್ ಕಮೋಡ್ ಬಂದದ್ದು ಮಾವನ ಮಂಡಿ ಹಿಡಿದುಕೊಂಡಾಗ. ನಿಮ್ಮ ಮನೆಯಲ್ಲಿ ಯಾವುದು ಯಾರಿಗಾಗಿ ಯಾವಾಗ ಬಂತು, ಒಮ್ಮೆ ಯೋಚಿಸಿ ನೋಡಿ.

ಈಗ ಸೀಟು ನೋಡಲು ಜನ ಬರುತ್ತಾರೆ. ಬಂದವರಿಗೆಲ್ಲ ಭಾವ ಒಂದೇ ಮಾತು ಹೇಳುತ್ತಾರೆ, "ಹೆಂಡ್ತಿನ ಕೂರಿಸ್ಕಂಡು ಓಡಾಡ್ತೀಯಲ್ಲ, ನೀನೂ ಒಂದು ಮಾಡಿಸ್ಲಾ." ತಾವರೆಕೆರೆ ಕಡೆಯ ನೆಂಟನೊಬ್ಬ ಆ ಭಾನುವಾರ ನಾನಿದ್ದಾಗಲೇ ಬಂದಿದ್ದ. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡ, ಕೀಲು ಮಡಚಿ ಬಿಚ್ಚಿ ನೋಡಿದ, ಮೆಚ್ಚಿದ. "ನಮ್ಮೋಳಿಗೆ ಅಭ್ಯಾಸ ಆಗೋಗೈತೆ ಬುಡಣ್ಣ" ಅಂತ ನಕ್ಕು ಹೋದ. ಭಾವ ನಗಲಿಲ್ಲ.

ಅವತ್ತು ಸಂಜೆ ನಾನು ಬಸ್ಸಿಗೆ ಹೊರಟಾಗ ಅಕ್ಕ ಟ್ರ್ಯಾಕ್ಟರ್ ಒರೆಸುತ್ತಿದ್ದಳು. ಜಗಲಿ ಮೇಲೆ ಕೂತಿದ್ದ ಭಾವ ಮೆಲ್ಲಗೆ ಹೇಳಿದರು, "ನೀನೂ ಒಂದ್ಸಲ ಕುಂತ್ಕಳೇ ಅದ್ರಾಗೆ. ಹೆಂಗೈತೆ ನೋಡು."

ಅಕ್ಕ ಸೀಟಿನ ಮೇಲಿನ ಧೂಳು ಕೊಡವಿ, ಅದನ್ನು ಮಡಚಿ, ಕೊಕ್ಕೆ ಹಾಕಿದಳು.

"ನಾನು ಕುಂತ್ರೆ ಓಡ್ಸೋರ್ಯಾರು?"