ನಮ್ಮ ಲೈನಿಗೆ ಲಿನಕ್ಸ್ ಬಂತು

ಗೆಳೆಯರೇ, ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಳ್ಳಿ, ಪುಕ್ಕಟೆ ಸಿಗುತ್ತದೆ, ವೈರಸ್ಸಿನ ಕಾಟವಿಲ್ಲ ಎಂದು ವಾಡಿಯ ನಮ್ಮ ರೈಲ್ವೆ ಕ್ವಾರ್ಟರ್ಸಿನ ಸಾಲುಮನೆಗಳ ಲೈನಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿ ನನ್ನ ಗಂಟಲು ಒಣಗಿತ್ತು. ಒಬ್ಬರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಶರಣಮ್ಮ ತಾವಾಗಿಯೇ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು.

"ಅಣ್ಣಾರ, ನಿಮ್ಮದರಾಗ ಹಾಕೀರಲ್ಲ, ಅದನ್ನೇ ನಮಗೂ ಹಾಕಿ ಕೊಡ್ರಿ."

ನನಗೆ ಹಿಡಿಸಲಾರದಷ್ಟು ಖುಷಿ. ಕುರ್ಚಿ ಕೊಟ್ಟು ಕೂರಿಸಿ, ಇದು ಜಗತ್ತಿನ ಜನರೆಲ್ಲ ಸೇರಿ ಕಟ್ಟಿದ್ದು, ಯಾರು ಯಾರಿಗೆ ಬೇಕಾದರೂ ಹಂಚಬಹುದು ಎಂದು ಭಾಷಣ ಶುರುಮಾಡಿದೆ. ಆಕೆ ನಡುವೆಯೇ ತಡೆದರು.

"ಅದೆಲ್ಲಾ ಇರ್ಲಿರಿ. ನೀವು ಇದನ್ನ ಹಾಕ್ದಾಗಿಂದ ಲ್ಯಾಪ್‌ಟಾಪ್ ಎರವಲು ಕೇಳಾಕ ನಿಮ್ಮನಿಗಿ ಯಾರರ ಬರ್ತಾರೇನ್ರಿ? 'ಅವರದು ನಮಗ ತಿಳಿಯಂಗಿಲ್ಲ' ಅಂತ ಎಲ್ಲಾರೂ ನಮ್ಮನಿಗೇ ಬರಾಕತ್ತಾರ. ಇಲ್ಲ ಅನ್ನಾಕ ಬಾಯಿ ಬರಂಗಿಲ್ಲ. ಭಾಳ ಸಾಕಾಗ್ಯಾದ್ರಿ."

ಒಳಗಿನಿಂದ ನನ್ನ ಹೆಂಡತಿ, "ಪಾಪ, ಹಾಕಿ ಕೊಡ್ರಿ. ನಮಗ ಎಷ್ಟು ಆರಾಮ ಆಗ್ಯಾದ ನೋಡ್ರಿ" ಎಂದಳು.

ಹಾಕಿಕೊಟ್ಟೆ. ಸಂಜೆಗೆ ಶರಣಮ್ಮನ ಆಚೆ ಮನೆಯವರು ಲ್ಯಾಪ್‌ಟಾಪ್ ಸಮೇತ ನಮ್ಮ ಬಾಗಿಲಲ್ಲಿ ನಿಂತಿದ್ದರು. ಎರವಲು ಕೇಳುವವರೆಲ್ಲ ಈಗ ಶರಣಮ್ಮನನ್ನು ಬಿಟ್ಟು ಅವರ ಮನೆಗೆ ಹೋಗುತ್ತಿದ್ದಾರಂತೆ.

ಹಂಚಿಕೊಳ್ಳಲೆಂದೇ ಹುಟ್ಟಿದ ತಂತ್ರಾಂಶ ನಮ್ಮ ಲೈನಿನಲ್ಲಿ ಮನೆಯಿಂದ ಮನೆಗೆ ಹಬ್ಬುತ್ತಿದೆ, ಲ್ಯಾಪ್‌ಟಾಪ್ ಹಂಚಿಕೊಳ್ಳದಿರಲಿಕ್ಕೆ.