ತೊಳೆದು ಕೊಟ್ಟ ನಾಣ್ಯಗಳು

ಆ ಯಂತ್ರ ನಮ್ಮ ಮನೆಗೆ ಬಂದದ್ದು ಒಂದು ಇಸ್ತ್ರಿ ಮೇಜು ಮತ್ತು ಎರಡು ಮನಿಪ್ಲಾಂಟ್ ಕುಂಡಗಳ ಜೊತೆಗೆ. ಮನಾಮಾದ ಪಕ್ಕದ ಟುಬ್ಲಿಯ ವರ್ಕ್‌ಶಾಪಿನಲ್ಲಿ ನನ್ನ ಗಂಡನೊಂದಿಗೆ ಕೆಲಸ ಮಾಡುತ್ತಿದ್ದ ಫಿಲಿಪೀನ್ಸಿನವರೊಬ್ಬರು ಕಾಯಂ ಆಗಿ ಊರಿಗೆ ಹೊರಟಾಗ, ಗಲ್ಫಿನಲ್ಲಿ ಎಲ್ಲರೂ ಮಾಡುವ ಹಾಗೆ, ಕಾರ್ಗೋಗೆ ಹಾಕಲಾಗದ್ದನ್ನೆಲ್ಲ ಹಂಚಿಹೋದರು. ಉದ್ದನೆಯ ಕೋಲು, ಅದರ ತುದಿಗೆ ದೋಸೆ ಕಾವಲಿಯಂಥ ತಟ್ಟೆ. ಮೆಟಲ್ ಡಿಟೆಕ್ಟರ್ ಅಂತೆ. ನಾನು ಅದನ್ನು ಬಾಗಿಲ ಹಿಂದೆ ನಿಲ್ಲಿಸಿ, ಮೇಲೊಂದು ಹಳೆಯ ದುಪ್ಪಟ್ಟಾ ಹೊದಿಸಿಟ್ಟೆ.

ಇಲ್ಲಿ ರಜೆಯ ದಿನವಾದ ಶುಕ್ರವಾರ ಪೂಜೆ ಮುಗಿಸಿ ಇಗರ್ಜಿಯಿಂದ ಬಂದ ಮೇಲೆ ಗಂಡ ಅದನ್ನು ಹಿಡಿದು ಸಮುದ್ರದ ಕಡೆ ಹೊರಡಲು ಶುರುಮಾಡಿದರು. ಇಲ್ಲಿಯ ಸಮುದ್ರ ಇಳಿತದಲ್ಲಿ ಬಹಳ ದೂರ ಹಿಂದೆ ಸರಿಯುತ್ತದೆ. ಒದ್ದೆ ಮರಳಿನ ಮೇಲೆ ಯಂತ್ರ ಕೂಗಿದಲ್ಲಿ ಅವರು ಕುಕ್ಕರಗಾಲಲ್ಲಿ ಕೂತು ಕೆದಕುತ್ತಿದ್ದರು. ಮೊದಮೊದಲು ಸಿಕ್ಕಿದ್ದು ತಂಪುಪಾನೀಯದ ಡಬ್ಬಗಳ ಕಿವಿ, ಗಾಳದ ಸೀಸದ ಗುಂಡು. ಆಮೇಲೆ ನಮ್ಮದೇ ದೇಶದ ಹಳೆಯ ಕಾಲಾಣೆ, ಅಂಚು ಹೂವಿನ ಎಸಳಿನಂತೆ ಬಾಗಿದ ಒಂದಾಣೆ. ಒಂದು ಕಾಲದಲ್ಲಿ ಇಲ್ಲಿಯೂ ನಮ್ಮ ರೂಪಾಯಿಯೇ ನಡೆಯುತ್ತಿತ್ತಂತೆ. ಅಲ್ಲಿಯವರೆಗೆ ನನಗೂ ಅದು ಚಂದವೇ ಆಗಿತ್ತು.

ಒಂದು ಶುಕ್ರವಾರ ಅವರು ಎರಡು ಬೇರೆ ವಸ್ತು ತಂದರು. ತೂತು ಕೊರೆದು ನಂಬರು ಒತ್ತಿದ ಹಿತ್ತಾಳೆಯ ಬಿಲ್ಲೆ ಒಂದು. ಇನ್ನೊಂದು ಒಣಗಿದ ಎಲೆಯಷ್ಟು ತೆಳ್ಳಗಿದ್ದ, ಕಪ್ಪಾದ, ನಮಗೆ ಓದಲು ಬಾರದ ಅಕ್ಷರಗಳ ನಾಣ್ಯ.

ಮೇಲಿನ ಮಹಡಿಯ ನಮ್ಮೂರಿನ ಹೆಂಗಸು ಲಿಫ್ಟಿನಲ್ಲಿ ಸಿಕ್ಕಿದಾಗ ನಕ್ಕರು. "ನಿಮ್ಮವರು ನಿಧಿ ತೆಗೀಲಿಕ್ಕೆ ಶುರುಮಾಡಿದ್ದಾರಂತೆ. ನಮಗೂ ಒಂದು ಹಂಡೆ ತೆಗೆದಿಡ್ಲಿಕ್ಕೆ ಹೇಳಿ." ಮತ್ತೆ ದನಿ ಇಳಿಸಿದರು. "ತಮಾಷೆ ಅಲ್ಲ ಹಾಂ. ಹಳೆ ಕಾಲದ್ದು ಮುಟ್ಟಿದ್ರೆ ಇಲ್ಲಿ ಕೇಸು ಆಗ್ತದೆ ಅಂತಾರೆ. ನಿಮ್ಮ ವೀಸಾ ರಿನೀವಲ್ ಬೇರೆ ಬಂತಲ್ಲ?"

ಬಂದಿತ್ತು. ಗಂಡನ ಕಾಗದಗಳು ಆಗಲೇ ಹೋಗಿದ್ದವು. ಮಗಳು ಈಸಾ ಟೌನಿನ ಶಾಲೆಯಲ್ಲಿ ಹತ್ತನೆಯ ತರಗತಿ. ರಿನೀವಲ್ ತಪ್ಪಿದರೆ ಪರೀಕ್ಷೆಗೆ ಮೊದಲೇ ಗಂಟುಮೂಟೆ ಕಟ್ಟಬೇಕು. ನಾಣ್ಯಗಳನ್ನು ರವೆಯ ಡಬ್ಬಿಗೆ ಹಾಕಿದೆ. ಅಲ್ಲಿಂದ ತೆಗೆದು ಹೊಲಿಗೆ ಪೆಟ್ಟಿಗೆಗೆ. ನಮ್ಮ ಮಹಡಿಯಲ್ಲಿ ಲಿಫ್ಟು ನಿಂತ ಸದ್ದಾದರೆ ಒಲೆ ಸಣ್ಣ ಮಾಡಿ ಕಿವಿಗೊಡುತ್ತಿದ್ದೆ.

"ಮಾರಾಯ್ರೇ, ಅದನ್ನು ಸಿಕ್ಕಿದಲ್ಲೇ ಹಾಕಿ ಬನ್ನಿ."

"ಸಿಕ್ಕಿದ ಜಾಗ ಈಗ ಸಮುದ್ರಕ್ಕೇ ನೆನಪಿಲ್ಲ," ಎಂದರು ಗಂಡ. "ಎಂತ ಹೆದರಿಕೆ ಮಾರಾಯ್ತಿ ನಿಂಗೆ? ನಾವೇನು ಕದ್ದದ್ದಾ?"

"ಕದ್ದದ್ದಲ್ಲಾಂತ ಯಾರು ಸಾಕ್ಷಿ ಹೇಳ್ತಾರೆ?"

ಮಗಳು ಪುಸ್ತಕದಿಂದ ತಲೆಯೆತ್ತಲಿಲ್ಲ. "ಮ್ಯೂಸಿಯಮ್ಮಿಗೆ ಕೊಟ್ರಾಯ್ತಲ್ಲ ಡ್ಯಾಡಿ. ಸಿಂಪಲ್."

ಭಾನುವಾರ ಅರ್ಧ ದಿನ ರಜೆ ಹಾಕಿ ಕೊಟ್ಟುಬರುವುದೆಂದು ಆಯಿತು. ಶನಿವಾರ ನನ್ನ ಕೈ ಸುಮ್ಮನಿರಲಿಲ್ಲ. ಇನ್ನೊಬ್ಬರ ವಸ್ತುವನ್ನು ತಿರುಗಿ ಕೊಡುವಾಗ ತೊಳೆದು ಕೊಡುವುದು ನಾವು ಬೆಳೆದ ರೀತಿ. ನೆರೆಮನೆಯ ಪಾತ್ರೆಯನ್ನು ನಾನು ಒದ್ದೆಯಾಗಿಯೂ ಕೊಟ್ಟವಳಲ್ಲ. ಹುಣಸೆಹುಳಿ ನೆನೆಸಿ, ಉಪ್ಪು ಸೇರಿಸಿ, ದೇವರ ಅಲ್ತಾರಿನ ಮೇಣದಬತ್ತಿ ಸ್ಟ್ಯಾಂಡನ್ನು ಉಜ್ಜುವಂತೆಯೇ ಹಳೆಯ ಬ್ರಶ್ಶಿನಿಂದ ಒಂದೊಂದನ್ನೇ ಉಜ್ಜಿದೆ. ತೆಳ್ಳಗಿನ ನಾಣ್ಯ ಬೆಳ್ಳಗೆ ಹೊಳೆಯಿತು. ಸ್ವೀಟಿನ ಡಬ್ಬಿಯಲ್ಲಿ ಟಿಶ್ಯೂ ಹಾಸಿ ಸಾಲಾಗಿ ಜೋಡಿಸಿಟ್ಟೆ.

ಗಂಡ ಡಬ್ಬಿ ತೆರೆದವರು ಅದನ್ನು ಮಗಳ ಮುಂದಿಟ್ಟರು. ಮಗಳು ಫೋನಿನಲ್ಲಿ ಹುಡುಕಿದಳು. "ಮಮ್ಮಾ, ಹಳೆ ನಾಣ್ಯ ತೊಳೀಲೇಬಾರದಂತೆ. ಮೊದಲನೇ ಸಾಲೇ ಅದು, ನೋಡು."

ಮ್ಯೂಸಿಯಮ್ಮಿನವರು ಇದನ್ನು ಮಾರಲಿಕ್ಕೆ ಹೊಳಪು ಮಾಡಿದ್ದು ಎಂದುಕೊಂಡರೆ? ಆ ಯೋಚನೆ ಬಂದದ್ದೇ ತಡ, ಹುಳಿಯ ವಾಸನೆ ಕೈಯಿಂದ ಹೋಗಲಿ ಎಂದು ಮತ್ತೆ ಮತ್ತೆ ಸಾಬೂನು ಹಚ್ಚಿದೆ.

ಮನಾಮಾದ ಮ್ಯೂಸಿಯಮ್ಮಿನ ಕಚೇರಿಯಲ್ಲಿ ಮೇಜಿನ ಹಿಂದಿದ್ದ ಹೆಂಗಸಿಗೆ ಸುಮಾರು ನನ್ನದೇ ವಯಸ್ಸು. ಕಪ್ಪು ಅಬಾಯಾದ ತೋಳಿಗೆ ಸಣ್ಣ ಕಸೂತಿ. ಇಂಗ್ಲಿಷಿನಲ್ಲಿ "ಕೂತುಕೊಳ್ಳಿ ಸಿಸ್ಟರ್" ಎಂದರು. ಕಾನ್ವೆಂಟಿನ ಅಭ್ಯಾಸ, ಆ ಪದ ಕೇಳಿದೊಡನೆ ನನ್ನ ಬೆನ್ನು ನೆಟ್ಟಗಾಯಿತು. ಆಕೆ ನಾಣ್ಯವನ್ನು ಚಿಮುಟದಲ್ಲಿ ಎತ್ತಿ, ದೀಪದ ಕೆಳಗೆ ತಿರುಗಿಸಿದರು.

"ಇದನ್ನು ತೊಳೆದದ್ದು ಯಾರು?"

"ನಾನೇ," ಎಂದರು ಗಂಡ, ನಾನು ಬಾಯಿ ತೆರೆಯುವ ಮೊದಲೇ.

"ಯಾವುದರಲ್ಲಿ?"

ಅವರಿಗೆ ಅಡುಗೆಮನೆಯ ವಿಷಯ ಏನು ಗೊತ್ತು? ತಡವರಿಸಿದರು. "ಹುಣಸೆಹುಳಿ ಮತ್ತೆ ಉಪ್ಪು," ಎಂದೆ ನಾನು.

ಆಕೆ ಇಬ್ಬರನ್ನೂ ನೋಡಿದರು. ತುಟಿಯ ಒಂದು ಕೊನೆ ಮಾತ್ರ ಸ್ವಲ್ಪ ಸಡಿಲಾಯಿತು. "ನನ್ನ ಅಜ್ಜಿಯೂ ಕಾಫಿಯ ಹೂಜಿಯನ್ನು ಲಿಂಬೆಯಲ್ಲಿ ಉಜ್ಜುತ್ತಿದ್ದರು. ಹೂಜಿಯನ್ನು ಮಾತ್ರ." ಮತ್ತೆ ಕೈಚಾಚಿದರು. "ಸಿಪಿಆರ್ ಕೊಡಿ."

ಇಲ್ಲಿ ನಮ್ಮ ಇರವೆಲ್ಲ ಆ ಗುರುತಿನ ಕಾರ್ಡಿನಲ್ಲಿದೆ. ಎರಡು ಕಾರ್ಡುಗಳೂ ಒಳಗಿನ ಕೋಣೆಗೆ ಹೋದವು. ಗಂಡ ಗೋಡೆಯ ನಕಾಶೆ ನೋಡುವಂತೆ ಕೂತಿದ್ದರು. ನಾನು ಜೇಬಿನೊಳಗೆ ತೇರ್ಸದ ಜಪಮಣಿ ಎಣಿಸುತ್ತ ಎಷ್ಟನೆಯದರಲ್ಲಿದ್ದೇನೆಂದು ಮರೆತು ಮತ್ತೆ ಮೊದಲಿಂದ ಹಿಡಿದೆ.

ಕಾರ್ಡುಗಳು ಹಿಂದೆ ಬಂದವು. ತೆಳ್ಳಗಿನ ನಾಣ್ಯ ಅಲ್ಲೇ ಉಳಿಯಿತು. "ಇನ್ನು ಆ ಯಂತ್ರ ಹಿಡಿದು ಹೋಗಬೇಡಿ. ಏನಾದರೂ ಕಂಡರೆ ಮುಟ್ಟದೆ ನಮಗೆ ಹೇಳಿ," ಎಂದು ಆಕೆ ಆಣೆಗಳನ್ನೂ ಬಿಲ್ಲೆಯನ್ನೂ ನಮ್ಮತ್ತ ತಳ್ಳಿದರು. ಬಿಲ್ಲೆಯ ಮೇಲೆ ಒಂದು ಕ್ಷಣ ಬೆರಳಿಟ್ಟರು. "ಹೊರಗಿಂದ ಬಂದ ಕೆಲಸಗಾರರಿಗೆ ಹಿಂದೆ ಇಂಥದ್ದನ್ನು ಕೊಡುತ್ತಿದ್ದರು. ತೋರಿಸಿದರೆ ಗೇಟಿನೊಳಗೆ. ಇಲ್ಲದಿದ್ದರೆ ಇಲ್ಲ."

ವೀಸಾ ಆಯಿತು. ಆ ಸುದ್ದಿ ಬರುವವರೆಗೆ ನಾನು ಸರಿಯಾಗಿ ಊಟ ಮಾಡಲಿಲ್ಲ. ಯಂತ್ರವೀಗ ವರ್ಕ್‌ಶಾಪಿನಲ್ಲಿ ಬಿದ್ದ ಬೋಲ್ಟು ಹುಡುಕುತ್ತದೆ.

ಬಿಲ್ಲೆಯನ್ನು ನಮ್ಮ ಪಾಸ್‌ಪೋರ್ಟುಗಳ ಜೊತೆ ಇಟ್ಟಿದ್ದೇನೆ. ಸಂಜೆ ಮೈತೊಳೆಯಲು ನೀರಿಗಿಳಿದ ಆ ಕಾಲದ ಯಾವನೋ ಕೆಲಸಗಾರನ ಕೊರಳ ದಾರ ಕಡಿದಿರಬೇಕು. ಮರುದಿನ ಗೇಟಿನಲ್ಲಿ ಅವನು ಏನು ಹೇಳಿದನೋ. ಪಕ್ಕದಲ್ಲಿ ನಿಂತು ಅವನ ಪರವಾಗಿ ಮಾತಾಡಲು ಯಾರಾದರೂ ಇದ್ದರೋ ಇಲ್ಲವೋ.

ಬೆಳಗ್ಗೆ ಗಂಡ ಹೊರಡುವಾಗ ನಾನು ಈಗಲೂ ಕೇಳುತ್ತೇನೆ, "ಕಾರ್ಡು ಉಂಟಲ್ಲ?"

ಅವರು ಜೇಬಿನ ಮೇಲೆ ಕೈಯಿಟ್ಟು ತೋರಿಸುತ್ತಾರೆ. ಲಿಫ್ಟಿನ ಬಾಗಿಲು ಮುಚ್ಚುವವರೆಗೆ ನಾನು ಅಲ್ಲೇ ನಿಂತಿರುತ್ತೇನೆ.