ಎಡಗಡೆ ಬಿದ್ದ ಎಸಳು

ಮೊನ್ನೆ ಖಾಸಬಾಗದ ಸಂತೆಯಲ್ಲಿ ಸೇವಂತಿಗೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಗಂಗಾ ಅತ್ತೆಯ ಮುರಿದ ಮದುವೆ ನೆನಪಾಯಿತು. ಹೂ ಕಂಡರೆ ಬೇರೆಯವರಿಗೆ ದೇವರು ನೆನಪಾಗುತ್ತಾನೆ, ನನಗೆ ನನ್ನ ಅಪರಾಧ. ಕೇಳಿ, ನೀವೇ ನ್ಯಾಯ ಹೇಳಿ.

ಅತ್ತೆ ನನ್ನಪ್ಪನ ಕಿರಿಯ ತಂಗಿ. ಶಹಾಪುರದ ನಮ್ಮ ಮನೆಯಲ್ಲಿ ಮಗ್ಗದ ಸದ್ದಿಗಿಂತ ಅವಳ ನಗುವೇ ಜೋರು. ಖಾನಾಪುರದ ವಿಠ್ಠಲ ಮಾಸ್ತರರು ತಮ್ಮ ಅಕ್ಕನಿಗೆ ಒಂದೇ ಒಂದು ಸೀರೆ ಕೊಳ್ಳಲು ಆರು ಸಲ ಬಂದರು. ಏಳನೆಯ ಸಲ ಹಿರಿಯರನ್ನು ಕರೆತಂದರು. ಎರಡೂ ಮನೆಯವರು ಒಪ್ಪಿದರು. ಉಳಿದದ್ದು ದೇವಿಯ ಒಪ್ಪಿಗೆ ಮಾತ್ರ.

ನಮ್ಮಲ್ಲಿ ಹೂವು ಕೇಳುವ ಪದ್ಧತಿ. ಪೂಜಾರಿ ದೇವಿಯ ಎರಡೂ ಭುಜಕ್ಕೆ ಸೇವಂತಿಗೆಯ ಒದ್ದೆ ಎಸಳು ಅಂಟಿಸುತ್ತಾನೆ. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಊಹೂಂ. ಅಂದು ಸೆಕೆಯೋ ಸೆಕೆ. ಆಗಷ್ಟೇ ಕಾಲೇಜು ಮುಗಿಸಿದ್ದ ಜಾಣೆ ನಾನು, ಎಲ್ಲರ ಕಣ್ಣೂ ದೇವಿಯ ಮೇಲಿದ್ದಾಗ, ತಂಪಾಗಲೆಂದು ಗುಡಿಯ ಹೊಸ ಫ್ಯಾನ್ ಹಾಕಿದೆ. ಎಡಗಡೆಯ ಎಸಳು ಹಾರಿ ಬಿತ್ತು.

“ಋಣಾನುಬಂಧ ಇಲ್ಲ, ಬಿಡ್ರಿ,” ಅಂದರು ಅಜ್ಜ.

ಮಾಸ್ತರರು ಕೈಮುಗಿದು ಖಾನಾಪುರದ ಗಾಡಿ ಹತ್ತಿದರು. ಮುಂದೆ ಬೇರೆ ಕಡೆ ಲಗ್ನವಾದರು. ಅತ್ತೆ ಲಗ್ನವಾಗಲೇ ಇಲ್ಲ. ಹಣೆಬರಹಕ್ಕೆ ಹೊಣೆ ಯಾರು ಎಂದು ಎಲ್ಲರೂ ಅನ್ನುವಾಗ ಹೊಣೆಗಾರ್ತಿ ನಾನು ಮೂಲೆಯಲ್ಲಿ ಬಾಯಿ ಮುಚ್ಚಿ ಕೂತಿರುತ್ತಿದ್ದೆ. ಪಾಪ ತೊಳೆಯಲು ಹಬ್ಬಕ್ಕೊಮ್ಮೆ ಅವಳಿಗೆ ಸೀರೆ ಕೊಟ್ಟೆ. ನೇಯುವವಳಿಗೇ ಸೀರೆ ಒಯ್ಯುವ ಬುದ್ಧಿವಂತೆ!

ಮೊನ್ನೆ ಮಾತ್ರ ತಡೆಯಲಾಗಲಿಲ್ಲ. ಸಂತೆಯಿಂದ ನೇರ ಅವಳ ಮನೆಗೆ ಹೋಗಿ, “ಅತ್ತಿ, ಅವತ್ತ ಗುಡಿಯಾಗ ಫ್ಯಾನ್ ಹಾಕಿದಾಕಿ ನಾನ,” ಅಂದೆ.

ಅರವತ್ತು ದಾಟಿದ ಅತ್ತೆ ಬಿದ್ದು ಬಿದ್ದು ನಕ್ಕಳು. “ಹುಚ್ಚಿ, ನನ್ನ ಕಣ್ಣ ಮುಂದ ಹಾಕಿದ್ದಿ! ‘ಬಂದ್ ಮಾಡ್ರಿ, ಇನ್ನೊಮ್ಮಿ ಕೇಳೂಣು’ ಅನ್ನಾಕ ನನಗ ಬಾಯಿ ಇರಲಿಲ್ಲೇನು? ಲಗ್ನಕ್ಕ ಹಾತೊರೀತಾಳ ಅಂತಾರಂತ ಸುಮ್ಮನಿದ್ನಿ.”

“ಮಾಸ್ತರು?”

“ಅವರೂ ನೋಡಿ ಸುಮ್ಮನಿದ್ರಂತ. ಹತ್ತು ವರ್ಷದ ಮ್ಯಾಲ ಖಾನಾಪುರ ಟೇಶನ್ನಿನಾಗ ಸಿಕ್ಕಾಗ ಹೇಳಿದ್ರು. ಇಬ್ಬರೂ ಹೊಟ್ಟಿ ಹಿಡ್ಕೊಂಡು ನಕ್ವಿ. ಗಾಡಿ ಬಂತು, ಹೋದ್ರು. ಆಮ್ಯಾಲ ನಾ ಒಬ್ಬಾಕಿ ಕುಂತು ಅತ್ನಿ.”

ಇಷ್ಟು ವರ್ಷ ಈ ಕಥೆಯಲ್ಲಿ ವಿಧಿಯ ಪಾತ್ರ ನನ್ನದೇ ಎಂದುಕೊಂಡಿದ್ದೆ. ಅಷ್ಟು ದೊಡ್ಡ ಪಾತ್ರ ನನಗಿರಲೇ ಇಲ್ಲ. ಹಗುರಾಯಿತು, ಸಂಕಟವೂ ಆಯಿತು. ತಪ್ಪನ್ನು ಮುಚ್ಚಿಡುವ ಗಡಿಬಿಡಿಯಲ್ಲಿ ಅವಳ ಎದುರು ಮಾಸ್ತರರ ಹೆಸರನ್ನೇ ನಾನು ಎತ್ತಿರಲಿಲ್ಲ.

ಅತ್ತೆ ಚಹಾ ಇಡಲು ಎದ್ದಳು. ಕೈ ಹಿಡಿದು ಕೂರಿಸಿದೆ.

“ಚಹಾ ಆಮ್ಯಾಲ. ಮಾಸ್ತರು ಹೆಂಗಿದ್ರು, ಹೇಳು.”

“ಇದನ್ನ ಯಾರೂ ಕೇಳಿರಲೇ ಇಲ್ಲ ನೋಡು,” ಅಂದು, ಸೆರಗು ಸರಿಮಾಡಿಕೊಂಡು ಹೇಳತೊಡಗಿದಳು.